ಧೊಲೇರಾ ಸೈಟಿಗೆ ಮುಂಗಡ ಕೊಡಲೇ?

ಮಗಳ ಮದುವೆಗೆ ಕೂಡಿಟ್ಟ ಹಣ ಎಂದಿದ್ದೀರಿ. ಹಾಗಾದರೆ ಸದ್ಯಕ್ಕೆ ಬೇಡ. ಏಜೆಂಟ್ ತೋರಿಸಿದ ಬಣ್ಣದ ನಕ್ಷೆ ಪೂರಾ ಸುಳ್ಳೇನಲ್ಲ. ಧೊಲೇರಾದಂಥ ಹೊಸ ಕೈಗಾರಿಕಾ ನಗರಗಳಿಗೆಂದು ಗುಜರಾತ್ ಸರ್ಕಾರ 2009ರಲ್ಲೇ ಕಾನೂನು ಮಾಡಿತು. ಧೊಲೇರಾಕ್ಕೆ ಗುರುತಿಸಿದ್ದು ಸುಮಾರು 920 ಚದರ ಕಿ.ಮೀ. ಅಲ್ಲಿ ಟಾಟಾ ಚಿಪ್ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದು ಮಾತ್ರ 2024ರಲ್ಲಿ. ನಡುವೆ ಹದಿನೈದು ವರ್ಷ, ಅದೂ ಒಂದೇ ಪಕ್ಷ ಆಳಿದ ರಾಜ್ಯದಲ್ಲಿ! ಸರ್ಕಾರ ಬದಲಾದರೆ ಏನಾಗುತ್ತದೆಂದು 2019ರ ನಂತರ ರಾಜಧಾನಿ ಕೆಲಸ ನಿಂತುಹೋದ ಆಂಧ್ರದ ಅಮರಾವತಿಯಲ್ಲಿ ಸೈಟು ಹಿಡಿದು ಕೂತವರನ್ನು ಕೇಳಿ. ನಮ್ಮ ದೇವನಹಳ್ಳಿಯಲ್ಲೂ ರೈತರು ಪಟ್ಟು ಬಿಡದ್ದರಿಂದ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು (ಒಳ್ಳೆಯದೇ ಆಯಿತೆನ್ನಿ).

ಇನ್ನೊಂದು ಮಾತು. ಗುಜರಾತಿನಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ನಿರ್ಬಂಧವಿದೆ. ಹಾಗಾಗಿ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಟೌನ್ ಪ್ಲಾನಿಂಗ್ ಸ್ಕೀಮಿನ ಅಂತಿಮ ಪ್ಲಾಟ್ ಸಂಖ್ಯೆ, ಎರಡರ ಪ್ರತಿಯನ್ನೂ ಕೇಳಿ. "ಬುಕಿಂಗ್ ಆದ್ಮೇಲೆ ಕಳಿಸ್ತೀವಿ ಸಾರ್" ಅಂದರೆ ಫೋನ್ ಇಟ್ಟುಬಿಡಿ.