ಬೂಸಾ, ಮಿಲ್ಲರ್ ಮತ್ತು ಹಾಸ್ಟೆಲಿನ ಒಂದು ಪ್ರಶ್ನೆ

ಮೊದಲ ಸೆಮಿಸ್ಟರಿನ ಮೊದಲ ವಾರ. ಮೆಸ್ಸಿನಲ್ಲಿ ತಟ್ಟೆ ಹಿಡಿದು ಕೂತವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಸಿಇಟಿ ರ‍್ಯಾಂಕ್ ಎಷ್ಟು ಮಗಾ?' ನಾನೂ ನನ್ನ ರೂಂಮೇಟನ್ನು ಕೇಳಿದೆ. ಅವನು ಹೇಳಿದ. ನನ್ನ ರ‍್ಯಾಂಕಿಗೂ ಅವನದಕ್ಕೂ ಇದ್ದ ಅಂತರ ನೋಡಿ 'ಓ, ಕೋಟಾನಾ?' ಅಂದುಬಿಟ್ಟೆ. ತಮಾಷೆಗೆ ಅಂದದ್ದು. ಅವನೂ ನಕ್ಕ. ಆದರೆ ಆಮೇಲೆ ಎರಡು ವರ್ಷ ಒಂದೇ ರೂಮಿನಲ್ಲಿದ್ದರೂ ಅವನು ತನ್ನ ಮಾರ್ಕ್ಸ್ ಕಾರ್ಡನ್ನು ನನ್ನೆದುರು ಒಮ್ಮೆಯೂ ತೆಗೆಯಲಿಲ್ಲ. (ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಈ ವರ್ಷ ನಮ್ಮ ಸಂಘದಲ್ಲಿ ಜಾತಿಯ ಬಗ್ಗೆ ಒಂದು ಓದುಕೂಟ ಶುರು ಮಾಡೋಣ ಅಂದಾಗ ಸೀನಿಯರ್ ಒಬ್ಬರು ಕೇಳಿದರು: 'ಇದು ಕನ್ನಡ ಸಂಘ ಕಣ್ರೋ. ರಾಜ್ಯೋತ್ಸವ, ಕವಿಗೋಷ್ಠಿ ಮಾಡ್ಕೊಂಡು ಇರೋದು ಬಿಟ್ಟು ಇದ್ಯಾಕೆ?' ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಈ ಊರಿನಲ್ಲೇ ಇದೆ.

1973ರ ನವೆಂಬರ್. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾ ಅಂದರೆ ದನಕ್ಕೆ ಹಾಕುವ ತೌಡು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ ಅವರು. ಅವರ ಜನರ ಬದುಕು ಆ ಸಾಹಿತ್ಯದಲ್ಲಿ ಎಷ್ಟು ಪುಟ ಪಡೆದಿತ್ತು ಎಂದು ಲೆಕ್ಕ ಹಾಕಿದರೆ ಮಾತಿನ ಹಿಂದಿನ ಸಿಟ್ಟು ತಿಳಿಯುತ್ತದೆ. ಆದರೆ ಅಂದು ಲೆಕ್ಕ ಹಾಕುವ ವ್ಯವಧಾನ ಯಾರಿಗಿತ್ತು? ಕನ್ನಡಕ್ಕೆ ಅವಮಾನವಾಯಿತು ಎಂದು ಕಾಲೇಜುಗಳಿಂದ ಹುಡುಗರು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಇದೇ ಮೈಸೂರಿನಲ್ಲಿ ನೆಲೆಸಿದ್ದ ಕುವೆಂಪು ಮಾತ್ರ ಅವರ ಪರವಾಗಿ ನಿಂತರು.

ಒಂದು ವಿಷಯ ಗಮನಿಸಿ. ಬೀದಿಗಿಳಿದವರು ಗೂಂಡಾಗಳಲ್ಲ, ನಮ್ಮ ಹಾಗೇ ಕಾಲೇಜು ಹುಡುಗರು. ನಮ್ಮ ಹಾಗೇ ಕನ್ನಡದ ಮೇಲೆ ಅಭಿಮಾನ ಇದ್ದವರು. ಆ ಅಭಿಮಾನ ಅವರನ್ನು ಇನ್ನೊಂದು ಹಾಸ್ಟೆಲಿನ ಬಾಗಿಲಿಗೆ ಕಲ್ಲು ಹಿಡಿದು ಕರೆದೊಯ್ದಿತು ಅನ್ನುವುದು ಕನ್ನಡ ಸಂಘವೊಂದು ತಿಳಿದಿರಬೇಕಾದ ಚರಿತ್ರೆ ಅಲ್ಲವೇ? ಆ ಗಲಾಟೆಯ ಬಿಸಿಯಲ್ಲೇ ಬಿ. ಕೃಷ್ಣಪ್ಪನವರ ಮುಂದಾಳತ್ವದ ದಲಿತ ಸಂಘರ್ಷ ಸಮಿತಿ ಮೊಳೆಯಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯನವರ ತಲೆಮಾರು ಕನ್ನಡದಲ್ಲಿ ಅದುವರೆಗೆ ಇಲ್ಲದಿದ್ದ ಪುಟಗಳನ್ನು ಬರೆಯಿತು. ನಂಜನಗೂಡು ತಾಲ್ಲೂಕಿನ ದೇವನೂರಿನವರ ಆಡುಮಾತಲ್ಲೇ ಬಂದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಂದರೆ ಬೈದವರಿಂದ ಕನ್ನಡ ಬೆಳೆಯಿತು. ಕಲ್ಲು ಹಿಡಿದವರಿಂದ ಏನು ಬೆಳೆಯಿತೋ ಗೊತ್ತಿಲ್ಲ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ಇಂಜಿನಿಯರುಗಳಾದ ನಮಗೆ ಇದು ಸ್ವಲ್ಪ ಕಷ್ಟದ ಪಾಠ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಹುದ್ದೆಗಳೆಲ್ಲ ಬಹುಪಾಲು ಒಂದೇ ಜಾತಿಯ ಕೈಯಲ್ಲಿವೆ ಎಂದು ಮರುವರ್ಷ ಮಹಾರಾಜರ ಮುಂದೆ ಅಹವಾಲು ಇಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂಬುದು ಸಮಿತಿಯ ಶಿಫಾರಸಿನ ಸಾರ. ಇದನ್ನು ಒಪ್ಪದವರಲ್ಲಿ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಅರ್ಹತೆಯೊಂದೇ ಮಾನದಂಡ ಆಗಬೇಕು ಅನ್ನುವುದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಈ ಭಿನ್ನಾಭಿಪ್ರಾಯ ಅದಕ್ಕೊಂದು ಮುಖ್ಯ ಕಾರಣ ಎಂದು ಇತಿಹಾಸ ಬರೆದವರು ಹೇಳುತ್ತಾರೆ.

ಕನ್ನಂಬಾಡಿ ಕಟ್ಟೆ ನೋಡಿ ಕೈಮುಗಿಯುವವರು ನಾವು. ಮುಗಿಯೋಣ, ತಪ್ಪಿಲ್ಲ. ಆದರೆ ಕಾವೇರಿ ನೀರನ್ನು ಒಣಭೂಮಿಗೆ ಹರಿಸಲು ನಾಲೆ ಬೇಕು ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದವರು ಕಚೇರಿಗಳ ವಿಷಯದಲ್ಲಿ ನಾಲೆ ಬೇಡ ಅಂದದ್ದು ನನಗೆ ಇವತ್ತಿಗೂ ಬಗೆಹರಿಯದ ಲೆಕ್ಕ. ಓದುಕೂಟದಲ್ಲಿ ಈ ಬಗ್ಗೆ ಜೋರು ಜಗಳವೇ ಆಯಿತು. ಒಬ್ಬ ಎದ್ದು ಹೋದ, ಮುಂದಿನ ವಾರ ವಾಪಸ್ ಬಂದ. ಕಾಕತಾಳೀಯ ಅನ್ನಿ, 2023ರಲ್ಲಿ ರಾಜ್ಯದ ತುಂಬಾ ಸಂವಿಧಾನ ಪೀಠಿಕೆ ಓದಿಸಿದ್ದು ಸೆಪ್ಟೆಂಬರ್ 15ರಂದು. ಅದೇ ನಮ್ಮ ಇಂಜಿನಿಯರ್ಸ್ ಡೇ.

ಈಗ 'ಕೋಟಾ' ಪದಕ್ಕೆ ಬರೋಣ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ನಮ್ಮ ಸಂಘದಲ್ಲೇ ಕನ್ನಡ ಮಾಧ್ಯಮದ ಸೀಟಿನಲ್ಲಿ ಬಂದವರಿದ್ದಾರೆ, ಎದೆ ತಟ್ಟಿ ಹೇಳಿಕೊಳ್ಳುತ್ತಾರೆ. ಯಾರೂ ಅವರನ್ನು ಓರೆಗಣ್ಣಲ್ಲಿ ನೋಡಲ್ಲ. ಲಕ್ಷಗಟ್ಟಲೆ ಕಟ್ಟಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡವರ ರ‍್ಯಾಂಕನ್ನಂತೂ ಯಾರೂ ಕೇಳುವುದೇ ಇಲ್ಲ. ಅಂದರೆ ನಮ್ಮ ತಕರಾರು ಕಡಿಮೆ ರ‍್ಯಾಂಕಿನ ಬಗ್ಗೆ ಅಲ್ಲ. ಮತ್ಯಾವುದರ ಬಗ್ಗೆ ಅನ್ನುವುದನ್ನು ಅವತ್ತು ಕೂಟದಲ್ಲಿ ಬಾಯಿಬಿಟ್ಟು ಹೇಳಲು ಎಲ್ಲರಿಗೂ ಹತ್ತು ನಿಮಿಷ ಬೇಕಾಯಿತು.

'ಕೆಲಸಕ್ಕೆ ಸೇರಿದ ಮೇಲೆ ಇದೆಲ್ಲ ಇರಲ್ಲ ಬಿಡು' ಅನ್ನುವವರಿಗೆ ಒಂದು ಮಾಹಿತಿ. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೊಂದು, ದಲಿತ ಇಂಜಿನಿಯರ್ ಒಬ್ಬರಿಗೆ ಜಾತಿ ತಾರತಮ್ಯ ಆಗಿದೆ ಎಂದು ಸಿಸ್ಕೋ ಕಂಪನಿ ಮೇಲೆ ದಾವೆ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಲ್ಲೇ ನಿಷೇಧಿಸಿತು. ವೀಸಾ ಜೊತೆ ನಮ್ಮ ಸೂಟ್‌ಕೇಸಿನಲ್ಲಿ ಏನೇನು ಹೋಗುತ್ತಿದೆ ನೋಡಿ.

ಅಮೆರಿಕದ್ದೇ ಇನ್ನೊಂದು ಕಥೆ. 1964ರ ಬೇಸಿಗೆಯಲ್ಲಿ ಉತ್ತರದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಮಿಸಿಸಿಪಿಗೆ ಹೋದರು, ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು. ಅವರಲ್ಲಿ ಯಹೂದಿ ಯುವಕರು ಬಹಳ. ಜೂನ್‌ನಲ್ಲಿ ಮೂವರ ಕೊಲೆಯಾಯಿತು: 21ರ ಜೇಮ್ಸ್ ಚೇನಿ ಕಪ್ಪು ಯುವಕ, 20ರ ಆಂಡ್ರ್ಯೂ ಗುಡ್‌ಮನ್ ಮತ್ತು 24ರ ಮೈಕೆಲ್ ಶ್ವೆರ್ನರ್ ಯಹೂದಿಗಳು. ನಮ್ಮದೇ ವಯಸ್ಸು. ಅವರು ಸುಮ್ಮನೆ ಬಸ್ ಹತ್ತಿ ಹೋದವರಲ್ಲ. ಹೋಗುವ ಮುಂಚೆ ಒಹಾಯೊದಲ್ಲಿ ತರಬೇತಿ ಇತ್ತು. ಮೊದಲು ಕೂತು ಕಲಿತರು, ಆಮೇಲೆ ಹೊರಟರು.

ನಮ್ಮ ಕೂಟದ ಮಟ್ಟಿಗೆ ಹೇಳುವುದಾದರೆ ಎರಡು ತಪ್ಪು ಮಾಡಿದೆವು. ಮೊದಲ ದಿನ ದಲಿತ ಗೆಳೆಯನೊಬ್ಬನಿಗೆ 'ನಿನ್ನ ಅನುಭವ ಹೇಳು' ಅಂದೆವು. ಅವನು, 'ನಾನೇನು ಲ್ಯಾಬ್ ಸ್ಯಾಂಪಲ್ಲಾ?' ಅಂದ. ಅಂದಿನಿಂದ ಯಾರನ್ನೂ ಹೇಳು ಎನ್ನುವುದಿಲ್ಲ, ಪುಸ್ತಕ ಓದುತ್ತೇವೆ. ಹೇಳಬೇಕೆನಿಸಿದವರು ತಾವಾಗೇ ಹೇಳುತ್ತಾರೆ. ಎರಡನೆಯದು, ಪಿಪಿಟಿ ಮಾಡಿದ್ದು. ಎಲ್ಲರೂ ನಿದ್ದೆ ಹೋದರು. ಜೋರಾಗಿ ಓದುವುದೇ ಸರಿ ಅನ್ನಿಸಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ 'ಸಂವಿಧಾನ ಓದು' ಚಿಕ್ಕ ಪುಸ್ತಕ, ಶುರುಮಾಡಲು ಅದು ಚೆನ್ನಾಗಿದೆ.

ಮುಂದಿನ ಶನಿವಾರ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದುತ್ತೇವೆ. ಲೈಬ್ರರಿಯಲ್ಲಿರುವುದು ಒಂದೇ ಪ್ರತಿ, ಸದ್ಯ ನನ್ನ ಹತ್ತಿರ ಇದೆ. ರಾತ್ರಿ ಊಟ ಆದ ಮೇಲೆ, ಟಿವಿ ರೂಮಿನ ಪಕ್ಕದ ಕೋಣೆಯಲ್ಲಿ. ರೂಂಮೇಟ್ ಬರ್ತೀನಿ ಅಂದಿಲ್ಲ. ನಾನೂ ಕೇಳಿಲ್ಲ. ಮೊನ್ನೆ ನೋಡಿದರೆ ನನ್ನ ಮೇಜಿನ ಮೇಲಿದ್ದ ಪುಸ್ತಕದಲ್ಲಿ ನಲವತ್ತನೇ ಪುಟದ ಹತ್ತಿರ ಅವನ ಬಸ್ ಪಾಸ್ ಸಿಕ್ಕಿಸಿತ್ತು.