ಸ್ಟೇರಿಂಗ್ ಭಾರ, 60 ಸಾವಿರದ ಸಾಲ

ಮೂಡುಬಿದಿರೆ ಕಡೆಯ ಕೆಂಪುಕಲ್ಲು, ಹಂಚು, ಸೀಸನ್ನಿನಲ್ಲಿ ಅಡಿಕೆ ಮೂಟೆ ಹೊತ್ತು ಬಂಟ್ವಾಳ–ಬೆಳ್ತಂಗಡಿ ನಡುವೆ ಓಡುವ ಒಂದು ಹಳೆಯ ಟಾಟಾ 407ಕ್ಕೆ ಹೋದ ವರ್ಷ ಪವರ್ ಸ್ಟೇರಿಂಗ್ ಬಂತು. ಗಾಡಿ ಈ ಅಂಕಣಕಾರನ ಭಾವನದು. ಅದಕ್ಕೆಂದು ಎತ್ತಿದ ಟಾಪ್-ಅಪ್ ಸಾಲದ ಜಾಮೀನು ಅಂಕಣಕಾರನದು. ಮುಂದಿನ ಎರಡು ಚಕ್ರಗಳ ಮೇಲೆ ಅವನಿಗೆ ಅಷ್ಟೊಂದು ಅಕ್ಕರೆ ಹುಟ್ಟಿದ್ದು ಹೀಗೆ.

ಗಾಡಿಯ ಕಾಯಿಲೆ ಹೊಸದೇನಲ್ಲ. ಲೋಡ್ ಬಿದ್ದರೆ ಸ್ಟೇರಿಂಗ್ ಭಾರ. ಗುರುವಾಯನಕೆರೆ ಜಂಕ್ಷನ್ನಿನಲ್ಲಿ ವೇಣೂರು ರಸ್ತೆಗೆ ತಿರುಗಿಸಿದರೆ ಚಕ್ರ ತಾನಾಗಿ ನೇರವಾಗುವುದಿಲ್ಲ, ಡ್ರೈವರೇ ಎಳೆದು ತರಬೇಕು. ನೇರ ರಸ್ತೆಯಲ್ಲೂ ಸುಮ್ಮನೆ ಹೋಗದು; ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲೆಯುತ್ತದೆ. ಮುಂದಿನ ಟೈರುಗಳ ಹೊರ ಅಂಚು ಬೋಳಾಗಿತ್ತು, ಒಳ ಅಂಚಿನಲ್ಲಿ ಇನ್ನೂ ಬಟನ್ ಉಳಿದಿತ್ತು. ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಕೊಟ್ಟ ಸಲಹೆ ಒಂದೇ: ಪವರ್ ಹಾಕಿಸಿ. ಸೆಕೆಂಡ್ ಹ್ಯಾಂಡ್ ಬಾಕ್ಸ್, ಪಂಪು, ಹೋಸು, ಕೂಲಿ ಸೇರಿ 38 ಸಾವಿರ. ಅದರ ಜೊತೆಗೆ ಎರಡು ಹೊಸ ಟೈರು, 22 ಸಾವಿರ.

ಸಾಲ 60 ಸಾವಿರ, ಅವಧಿ 24 ತಿಂಗಳು, ಬಡ್ಡಿ ‘ಬರೀ 14 ಪರ್ಸೆಂಟ್’. ಈ ‘ಬರೀ’ ಎಂಬುದನ್ನು ಕೇಳಿದಾಗಲೆಲ್ಲ ಅಂಕಣಕಾರನಿಗೆ ಮೈ ಉರಿಯುತ್ತದೆ. ಅದು ಫ್ಲಾಟ್ ದರ. ಕೊನೆಯ ಕಂತು ಕಟ್ಟುವ ದಿನವೂ ಪೂರ್ತಿ 60 ಸಾವಿರ ನಿಮ್ಮ ಕೈಯಲ್ಲೇ ಇದೆ ಎಂದು ಲೆಕ್ಕ ಹಿಡಿದು ಬಡ್ಡಿ ಹಾಕುವ ದರ. ಬಡ್ಡಿ 16,800, ಕಂತು 3,200. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು 25 ಪರ್ಸೆಂಟ್. ಆರ್.ಸಿ. ಇಟ್ಟುಕೊಂಡು ಕೊಡುವ ಸಾಲಕ್ಕೆ ಈ ದರ ಯಾಕೆ ಎಂದು ಕೇಳಿದರೆ ಕೌಂಟರಿನವರು ನಗುತ್ತಾರೆ, ಪ್ರೊಸೆಸಿಂಗ್ ಫೀಸು ಬೇರೆ ಎಂದು ನೆನಪಿಸುತ್ತಾರೆ. ಇಂಥ ಸಾಲ ದುಡಿಯುವ ಗಾಡಿಯವನಿಗೆ ಬೇಡವೇ ಬೇಡ.

ಪವರ್ ಕಿಟ್ ಹಾಕಿದ ಮೇಲೆ ಸ್ಟೇರಿಂಗ್ ಬೆರಳಲ್ಲಿ ತಿರುಗಿತು. ಭಾವ ಖುಷಿಯಾದರು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಟೈರುಗಳ ಹೊರ ಅಂಚೂ ಬೋಳಾಗತೊಡಗಿತು.

ಸಿದ್ಧಕಟ್ಟೆ ಕಡೆಯ ಒಂದು ಸಣ್ಣ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಮುಂದಿನ ಆಕ್ಸಿಲ್‌ನಡಿ ಜಾಕ್ ಕೊಟ್ಟು, ಟೈರಿನ ತಲೆಗೊಂದು ಬುಡಕ್ಕೊಂದು ಕೈ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಎಂದಿತು. ‘ಬ್ರೇಕ್ ಒತ್ತಿ ಹಿಡೀರಿ’ ಎಂದು ಮತ್ತೆ ಅಲ್ಲಾಡಿಸಿದರು. ಆಗಲೂ ಟಕ್ ಟಕ್. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ವೀಲ್ ಬೇರಿಂಗಿನದು. ಒತ್ತಿದರೂ ನಿಲ್ಲದಿದ್ದರೆ, ಚಕ್ರವನ್ನು ಎಡಬಲಕ್ಕೆ ತಿರುಗಗೊಡುವ ಕಿಂಗ್ ಪಿನ್ನಿನದು. ಈ ಪರೀಕ್ಷೆಗೆ ಒಂದು ಜಾಕ್, ಎರಡು ಆಳು ಸಾಕು, ದುಡ್ಡು ಬೇಡ. ‘ಕೈಗೆ ಭಾರ ಆಗ್ತದೆ ಅಂತ ಕೈಗೇ ಮದ್ದು ಮಾಡಿದ್ದೀರಿ. ಬೇನೆ ಇದ್ದದ್ದು ಕಾಲಲ್ಲಿ ಮಾರಾಯ್ರೆ’ ಎಂದರು.

ಭಾರಕ್ಕೆ ಕಾರಣ ಕಿಂಗ್ ಪಿನ್ನಿನ ಥ್ರಸ್ಟ್ ಬೇರಿಂಗ್. ಗಾಡಿಯ ಮುಂಭಾಗದ ತೂಕವೆಲ್ಲ ಅದರ ಮೇಲೆ ಕೂತು ತಿರುಗಬೇಕು. ಗ್ರೀಸ್ ಹೋಗಿ ಕೆಂಪುಮಣ್ಣಿನ ನೀರು ಹೊಕ್ಕರೆ ಅದು ತುಕ್ಕು ಹಿಡಿದು ಬಿಗಿಯುತ್ತದೆ. ಚಕ್ರ ತಿರುಗಲೂ ಒಲ್ಲದು, ತಿರುಗಿದ ಮೇಲೆ ಮರಳಲೂ ಒಲ್ಲದು. ಜಾಕಿನಲ್ಲಿ ಎತ್ತಿದಾಗ ಹಗುರ, ನೆಲಕ್ಕಿಟ್ಟಾಗ ಭಾರ, ಟೈರಿನ ಗಾಳಿಯೂ ಸರಿಯಿದೆ ಎಂದಾದರೆ ಮೊದಲ ಅನುಮಾನ ಇದರ ಮೇಲೇ ಇರಬೇಕು. ಪವರ್ ಸ್ಟೇರಿಂಗ್ ಆ ಬಿಗಿತವನ್ನು ತೆಗೆಯಲಿಲ್ಲ, ಡ್ರೈವರನ ತೋಳಿಗೆ ಗೊತ್ತಾಗದಂತೆ ಮಾಡಿತು ಅಷ್ಟೆ. ತೋಳು ಕೊಡುತ್ತಿದ್ದ ಬಲಕ್ಕಿಂತ ಹೆಚ್ಚಿನ ಬಲ ಈಗ ಪಂಪಿನಿಂದ ಡ್ರ್ಯಾಗ್ ಲಿಂಕಿಗೂ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡುಗಳಿಗೂ ಬೀಳುತ್ತಿತ್ತು. ಮೊದಲೇ ಸವೆದಿದ್ದ ಎಂಡುಗಳು ಇನ್ನಷ್ಟು ಸಡಿಲವಾದವು, ಅವು ಹಿಡಿದಿಡಬೇಕಾದ ಟೋ ಜಾರಿತು.

ಈಗ ಟೈರಿನ ಲೆಕ್ಕ. ಇದನ್ನು ಪೂರ್ತಿ ಬಿಡಿಸಿ ಹೇಳಲೇಬೇಕು, ಯಾಕೆಂದರೆ ‘ಟೋ ಒಂದು ಚೂರು ಔಟ್ ಉಂಟು’ ಎಂದರೆ ಯಾರಿಗೂ ಹೆದರಿಕೆಯಾಗುವುದಿಲ್ಲ. 7.50-16 ಟೈರಿನ ಎತ್ತರ ಸುಮಾರು 80 ಸೆಂ.ಮೀ. ಎರಡು ಟೈರುಗಳ ಮುಂದಿನ ಅಂತರಕ್ಕೂ ಹಿಂದಿನ ಅಂತರಕ್ಕೂ ಇರುವ ವ್ಯತ್ಯಾಸ, ಅಂದರೆ ಟೋ, ಇರಬೇಕಾದುದಕ್ಕಿಂತ 6 ಮಿ.ಮೀ. ಹೆಚ್ಚಿದೆ ಎನ್ನಿ. ಒಂದು ಚಕ್ರದ ಪಾಲು 3 ಮಿ.ಮೀ. ಅಂದರೆ ಗಾಡಿ 80 ಸೆಂ.ಮೀ. ಮುಂದೆ ಹೋಗುವಾಗ ಪ್ರತಿ ಟೈರು 3 ಮಿ.ಮೀ. ಅಡ್ಡಕ್ಕೆ ಹೋಗಲು ನೋಡುತ್ತದೆ. ಒಂದು ಕಿಲೋಮೀಟರಿನಲ್ಲಿ 80 ಸೆಂ.ಮೀ. 1,250 ಬಾರಿ ಬರುತ್ತದೆ; ಮೂರರಿಂದ ಗುಣಿಸಿದರೆ 3.75 ಮೀಟರ್. ಬಿ.ಸಿ.ರೋಡಿನಿಂದ ಚಾರ್ಮಾಡಿಯ ಬುಡಕ್ಕೆ ಹೋಗಿ ಬಂದರೆ ನೂರು ಕಿಲೋಮೀಟರಿನ ಆಸುಪಾಸು. ಅಷ್ಟರಲ್ಲಿ ಟೈರಿನ ಅಡ್ಡ ಎಳೆತ 375 ಮೀಟರ್. ರಬ್ಬರು ಬಗ್ಗಿ ಒಂದಿಷ್ಟನ್ನು ಸಹಿಸುತ್ತದೆ. ಸಹಿಸಲಾಗದ್ದು ರಸ್ತೆಯ ಮೇಲೆ ಪುಡಿಯಾಗಿ ಉಳಿಯುತ್ತದೆ.

ಇದನ್ನೇ ರೂಪಾಯಿಗೆ ಇಳಿಸೋಣ. 22 ಸಾವಿರದ ಜೋಡಿ 40 ಸಾವಿರ ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 55 ಪೈಸೆ. 12 ಸಾವಿರಕ್ಕೇ ಬೋಳಾದರೆ 1 ರೂಪಾಯಿ 83 ಪೈಸೆ. ವ್ಯತ್ಯಾಸ 1 ರೂಪಾಯಿ 28 ಪೈಸೆ. ತಿಂಗಳಿಗೆ ಎರಡೂವರೆ ಸಾವಿರ ಕಿ.ಮೀ. ಓಡುವ ಗಾಡಿಗೆ ಇದು 3,200 ರೂಪಾಯಿ. ಕಂತಿನಷ್ಟೇ! ಒಂದು ಕಂತು ಫೈನಾನ್ಸಿಗೆ, ಇನ್ನೊಂದು ಡಾಂಬರಿಗೆ.

ಆ ಮೇಸ್ತ್ರಿ ಮಾಡಿದ ರಿಪೇರಿಯ ಲೆಕ್ಕ ಇದು: ಕಿಂಗ್ ಪಿನ್ ಕಿಟ್ 4,200. ಬುಶ್ ಒತ್ತಿ ರೀಮರ್ ಹೊಡೆದ ಕೂಲಿ 3,500. ಟೈ ರಾಡ್ ಎಂಡ್ ಜೋಡಿ 1,700. ಕೊನೆಗೆ ಅಲೈನ್‌ಮೆಂಟ್ 600. ಒಟ್ಟು 10 ಸಾವಿರ. ಇದಕ್ಕೆ ಮೊದಲೂ ಭಾವ ಅಲೈನ್‌ಮೆಂಟ್ ಮಾಡಿಸಿದ್ದರು, ಒಂದಲ್ಲ, ಹಲವು ಸಲ. ಪಿನ್ನೂ ಎಂಡೂ ಆಡುತ್ತಿರುವಾಗ ಟೋ ಹೊಂದಿಸಿದರೆ ಅದು ಗ್ಯಾರೇಜಿನ ನೆಲದ ಮೇಲೆ ಮಾತ್ರ ಸರಿ. ಬ್ರೇಕ್ ಹಾಕಿದ ಕೂಡಲೇ ಅಳತೆ ಜಾರುತ್ತದೆ. ಆ ಬಿಲ್ಲುಗಳನ್ನೆಲ್ಲ ಅಲೈನ್‌ಮೆಂಟ್ ಎಂದು ಬರೆಯುವುದಕ್ಕಿಂತ ದಕ್ಷಿಣೆ ಎಂದು ಬರೆಯುವುದು ಲೇಸು.

ಗಾಡಿ ಒಂದೇ ಕಡೆಗೆ ಎಳೆದರೆ ಬೇರೆ ದಾರಿ. ಮುಂದಿನ ಟೈರುಗಳನ್ನು ಅದಲು ಬದಲು ಮಾಡಿ ನೋಡಿ. ಎಳೆತವೂ ಬದಿ ಬದಲಿಸಿದರೆ ತಪ್ಪು ಟೈರಿನದು. ಓಡಿ ಬಂದ ಮೇಲೆ ಎರಡೂ ಡ್ರಮ್ಮುಗಳ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಕಾದಿದ್ದರೆ ಆ ಬದಿಯ ಬ್ರೇಕ್ ಹಿಡಿಯುತ್ತಿದೆ. ಸ್ಪ್ರಿಂಗ್ ಪ್ಲೇಟಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಿಲ್ ಹಿಂದೆ ಸರಿದಿದೆಯೇ ಎಂದು ತಿಳಿಯಲು ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಎರಡೂ ಬದಿಯಲ್ಲಿ ದಾರ ಹಿಡಿದು ಅಳೆದರಾಯಿತು. ಮೂರಕ್ಕೂ ಖರ್ಚಿಲ್ಲ. ಹೊಂಡ, ತಿರುವು ದಾಟಿ ದಿನಾ ಓಡಾಡುವ ಗಾಡಿಗಳವರು ಇದನ್ನು ವಾರಕ್ಕೊಮ್ಮೆ ಮಾಡಿದರೂ ನಷ್ಟವಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು ಎನ್ನುತ್ತದೆ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕು ಎಂದೂ ಹೇಳುತ್ತದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್.ಸಿ. (ಫಿಟ್ನೆಸ್ ಸರ್ಟಿಫಿಕೇಟ್) ವರ್ಷಕ್ಕೊಮ್ಮೆ. ಹೆಚ್ಚಿನವರು ಎಫ್.ಸಿ. ಹತ್ತಿರ ಬಂದಾಗ ಗಾಡಿಯ ಮೈಗೆ ಪೇಂಟ್ ಹೊಡೆಸುತ್ತಾರೆ, ರಿಫ್ಲೆಕ್ಟರ್ ಅಂಟಿಸುತ್ತಾರೆ; ಆ ಅಗ್ಗದ ರಬ್ಬರ್ ಕ್ಯಾಪ್ ಹರಿದು ಎಷ್ಟು ಕಾಲವಾಯಿತೆಂದು ಗಾಡಿಯಡಿ ಮಲಗಿ ನೋಡುವವರು ಕಡಿಮೆ. ಪೇಂಟು ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದಲ್ಲ.

ಗ್ರೀಸಿನ ವಿಷಯದಲ್ಲಿ ಅಂಕಣಕಾರ ಈಚೆಗೆ ಮನೆಯವರ ತಲೆ ತಿನ್ನುತ್ತಿದ್ದಾನೆ. ವಾಟರ್ ಸರ್ವಿಸಿಗೆ ಮುಂಚೆ ಗ್ರೀಸ್ ಹೊಡೆಸುವುದು ದಂಡ, ನೀರಿನ ರಭಸ ಹೊಸ ಗ್ರೀಸನ್ನೇ ತೊಳೆಯುತ್ತದೆ. ನೀರು ಆದ ಮೇಲೆ ಹೊಡೆಸಬೇಕು. ಚಕ್ರ ನೆಲದ ಮೇಲಿರುವಾಗ ಗನ್ ಒತ್ತಿದರೆ ಗ್ರೀಸು ಬುಶ್ಶಿನ ಸಂದಿಯಿಂದ ಹೊರಗೆ ಬರುತ್ತದೆ, ಭಾರ ಹೊತ್ತು ಕೂತ ಥ್ರಸ್ಟ್ ಬೇರಿಂಗಿಗೆ ತಲುಪುವುದಿಲ್ಲ. ಆಕ್ಸಿಲ್ ಎತ್ತಿ, ಸ್ಟೇರಿಂಗನ್ನು ಎರಡೂ ಕಡೆಗೆ ತಿರುಗಿಸುತ್ತಾ ಹೊಡೆಯಬೇಕು. ಸರ್ವಿಸ್ ಸ್ಟೇಷನ್ನಿನ ಹುಡುಗರು ಇದಕ್ಕೆ ಮುಖ ಸಿಂಡರಿಸುತ್ತಾರೆ, ಜಾಕ್ ಹಾಕಲು 50 ರೂಪಾಯಿ ಹೆಚ್ಚು ಕೇಳುತ್ತಾರೆ. ಭಾವ ಈಗ ಕೊಡುತ್ತಿದ್ದಾರೆ, ಮೊದಮೊದಲು ಗೊಣಗುತ್ತಲೇ ಕೊಟ್ಟದ್ದು.