ಮಳೆಗಾಲದ ಜ್ವರಗಳು: ರೋಗಾಣುಗಳನ್ನು ಗುರುತಿಸುವ ಬಗೆ

ಸಾಮಾನ್ಯವಾಗಿ ಜೂನ್ ತಿಂಗಳ ಎರಡನೆಯ ವಾರದ ವೇಳೆಗೆ ಮುಂಬಯಿಗೆ ಮುಂಗಾರು ಮಳೆ ಆಗಮಿಸುತ್ತದೆ. ಮಹಾನಗರದ ಪಶ್ಚಿಮ ಉಪನಗರಗಳಲ್ಲಿ ಒಂದಾದ ಮಲಾಡ್‌ನ ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಿವೆ. ಪಶ್ಚಿಮದಲ್ಲಿ ಮಾಲವಣಿ, ಮಾರ್ವೆಗಳ ಕಡೆ ಸಮುದ್ರದ ಹಿನ್ನೀರಿದೆ. ಗುಡ್ಡದಿಂದ ಇಳಿದ ನೀರು ಜನನಿಬಿಡ ವಸತಿಗಳ ನಡುವಿನ ನಾಲೆಗಳಲ್ಲಿ ಹರಿದು ಸಮುದ್ರ ಸೇರಬೇಕು. ಭರತದ ವೇಳೆಯಲ್ಲಿ ಅದು ಸಾಧ್ಯವಾಗದೆ ರಸ್ತೆಗಳಲ್ಲಿಯೇ ನಿಲ್ಲುತ್ತದೆ. ಮಳೆ ಬಿರುಸಾದಾಗ ರೈಲುಹಳಿಯ ಕೆಳಗಿನ ಸಬ್‌ವೇ ನೀರಿನಲ್ಲಿ ಮುಳುಗುವುದು ಅಲ್ಲಿನ ನಿವಾಸಿಗಳಿಗೆ ಹೊಸ ಸಂಗತಿಯಲ್ಲ. ಇದಾದ ಒಂದೆರಡು ವಾರಗಳಲ್ಲಿ ದವಾಖಾನೆಗಳ ಮುಂದೆ ಜ್ವರಪೀಡಿತರ ಸಾಲು ಬೆಳೆಯುತ್ತದೆ.

ಈ ಸಾಲಿನಲ್ಲಿ ನಿಂತವರೆಲ್ಲರ ದೂರು ಬಹುಮಟ್ಟಿಗೆ ಒಂದೇ: ಮೈ ಕಾವು, ತಲೆನೋವು, ಕೈಕಾಲು ಸೆಳೆತ. ಆದರೆ ಒಂದೇ ಚಾಳಿನ ನಾಲ್ಕು ಮನೆಗಳಲ್ಲಿ ಮಲಗಿರುವ ನಾಲ್ವರ ಜ್ವರಕ್ಕೆ ನಾಲ್ಕು ಬೇರೆ ಬೇರೆ ಸೂಕ್ಷ್ಮಜೀವಿಗಳು ಕಾರಣವಾಗಿರಬಹುದು. ಒಬ್ಬನನ್ನು ಗುಣಪಡಿಸಿದ ಔಷಧಿ ಇನ್ನೊಬ್ಬನಿಗೆ ನಿಷ್ಪ್ರಯೋಜಕ. ಮೂರನೆಯವನಿಗೆ ಅದು ಅಪಾಯವನ್ನೂ ತರಬಲ್ಲದು. ಪಕ್ಕದ ಮನೆಯವರು ಬಳಸಿ ಉಳಿಸಿದ ಮಾತ್ರೆಗಳನ್ನು ಕೇಳಿ ಪಡೆಯುವ ರೂಢಿ ಎಷ್ಟು ಅನರ್ಥಕಾರಿ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ರೋಗಾಣುಗಳಲ್ಲಿ ನಾಲ್ಕು ಮುಖ್ಯ ವರ್ಗಗಳಿವೆ: ವೈರಸ್, ಬ್ಯಾಕ್ಟೀರಿಯಾ, ಪ್ರೋಟೋಜೋವ ಮತ್ತು ಶಿಲೀಂಧ್ರ. ಇವುಗಳ ಗಾತ್ರದ ಅಂತರವನ್ನು ಮನಗಾಣಲು ಒಂದು ಹೋಲಿಕೆ ನೆರವಾಗುತ್ತದೆ. ಮನುಷ್ಯನ ಒಂದು ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಏಳು ಭಾಗ. ಅದನ್ನು 14 ಅಡಿ ಅಗಲದ ಒಂದು ಕೋಣೆಯೆಂದು ಭಾವಿಸೋಣ. ಆಗ ವಿಷಮಶೀತ ಜ್ವರದ ಬ್ಯಾಕ್ಟೀರಿಯಾ ಆ ಕೋಣೆಯೊಳಗಿನ ಒಂದು ಮಂಚದಷ್ಟಿರುತ್ತದೆ. ಡೆಂಗೆ ಜ್ವರದ ವೈರಸ್ ಒಂದು ಸಣ್ಣ ನಿಂಬೆಹಣ್ಣಿನಷ್ಟು. ಪ್ರೋಟೋಜೋವ ವರ್ಗಕ್ಕೆ ಸೇರಿದ ಮಲೇರಿಯದ ಪರೋಪಜೀವಿಯಾದರೋ ಆ ಕೋಣೆಯನ್ನೇ ಆಕ್ರಮಿಸಿ, ಅಲ್ಲಿಯೇ ಉಂಡು ಬೆಳೆದು, ಕೊನೆಗೆ ಗೋಡೆಯೊಡೆದು ಹೊರಬೀಳುವ ಅತಿಕ್ರಮಣಕಾರ.

ಗಾತ್ರಕ್ಕಿಂತಲೂ ಮಹತ್ವದ್ದು ರಚನೆಯ ವ್ಯತ್ಯಾಸ. ಬ್ಯಾಕ್ಟೀರಿಯಾ ಒಂದು ಸ್ವತಂತ್ರ ಜೀವಕೋಶ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ತಮ್ಮದೇ ಆದ ಕೋಶಭಿತ್ತಿಯಿದೆ. ತಮ್ಮ ಸಸಾರಜನಕಗಳನ್ನು ತಯಾರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಪ್ರತಿಜೈವಿಕಗಳು, ಅಂದರೆ ಜನಸಾಮಾನ್ಯರು ಆಂಟಿಬಯಾಟಿಕ್ ಎಂದು ಕರೆಯುವ ಔಷಧಿಗಳು, ಬಹುಪಾಲು ಈ ಭಿತ್ತಿಯನ್ನು ಅಥವಾ ಈ ವ್ಯವಸ್ಥೆಯನ್ನು ಗುರಿಯಾಗಿಸಿಕೊಳ್ಳುತ್ತವೆ. ವೈರಸ್‌ಗೆ ಇವೆರಡೂ ಇಲ್ಲ. ಅದು ಸಸಾರಜನಕದ ಹೊದಿಕೆಯೊಳಗೆ ಅಡಗಿದ ಅನುವಂಶಿಕ ದ್ರವ್ಯ ಮಾತ್ರ. ನಮ್ಮ ಜೀವಕೋಶದೊಳಗೆ ಪ್ರವೇಶಿಸಿ, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಇಲ್ಲದ ಗೋಡೆಯನ್ನು ಕೆಡವಲು ಹೊರಟ ಔಷಧಿಯಿಂದ ಏನು ಪ್ರಯೋಜನ? ನೆಗಡಿ, ಫ್ಲೂ, ಡೆಂಗೆ ಅಥವಾ ಕೋವಿಡ್ ಬಂದಾಗ ಆಂಟಿಬಯಾಟಿಕ್ ಬೇಕೆಂದು ವೈದ್ಯರನ್ನು ಒತ್ತಾಯಿಸುವವರು ಇದನ್ನು ಗಮನಿಸಬೇಕು.

ಸೊಳ್ಳೆಯಿಂದ ಬರುವ ಎರಡು ಜ್ವರಗಳು

ಮಲೇರಿಯ ಮತ್ತು ಡೆಂಗೆಗಳೆರಡೂ ಸೊಳ್ಳೆಯ ಮೂಲಕವೇ ಹರಡುವುದರಿಂದ ಜನ ಅವುಗಳನ್ನು ಒಂದೇ ಜಾತಿಗೆ ಸೇರಿಸುತ್ತಾರೆ. ಇದು ತಪ್ಪು. ಡೆಂಗೆ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಹೂಕುಂಡದ ತಟ್ಟೆ, ಹಳೆಯ ಟೈರು, ಮುಚ್ಚದ ಪೀಪಾಯಿಗಳ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮುಂಬಯಿಯಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ರಾತ್ರಿಯ ಸೊಳ್ಳೆ. ಮೇಲ್ಛಾವಣಿಯ ತೊಟ್ಟಿ, ಬಾವಿ ಮತ್ತು ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ನಿಂತ ನೀರು ಅದರ ತವರು.

ಮಲೇರಿಯದ ಜೀವಿಯನ್ನು ಕಣ್ಣಾರೆ ಕಾಣಬಹುದು. ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿದಾಗ ಕೆಂಪು ಕಣದೊಳಗೆ ಉಂಗುರದಾಕಾರದಲ್ಲಿ ಅದು ಗೋಚರಿಸುತ್ತದೆ. ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿ ಇದನ್ನು ಮೊದಲು ಕಂಡರು. ಅಲ್ಲಿಯೂ ಒಂದು ಒಳಭೇದವನ್ನು ಗುರುತಿಸಬೇಕಾಗುತ್ತದೆ. ಫಾಲ್ಸಿಪೇರಮ್ ಎಂಬ ಪ್ರಭೇದವು ಮಿದುಳು ಮತ್ತು ಮೂತ್ರಪಿಂಡಗಳಿಗೆ ಹಾನಿಮಾಡಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ವೈವಾಕ್ಸ್ ಅಷ್ಟು ಉಗ್ರವಲ್ಲ. ಆದರೆ ಅದು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ತಲೆಯೆತ್ತುತ್ತದೆ. ಆದುದರಿಂದಲೇ ವೈವಾಕ್ಸ್ ರೋಗಿಗೆ ಜ್ವರ ಇಳಿದ ಮೇಲೂ ಸೇರಿ 14 ದಿನಗಳ ಪ್ರೈಮಾಕ್ವಿನ್ ಚಿಕಿತ್ಸೆಯನ್ನು ವೈದ್ಯರು ಸೂಚಿಸುತ್ತಾರೆ. ಮೂರನೆಯ ದಿನಕ್ಕೆ ಮೈ ಹಗುರಾಯಿತೆಂದು ಮಾತ್ರೆಯನ್ನು ನಿಲ್ಲಿಸಿ ಕೆಲಸಕ್ಕೆ ಹೊರಡುವವರು ಬಹಳ ಮಂದಿ. ದಿನಗೂಲಿಯ ಮನೆಗಳಲ್ಲಿ ಇದಕ್ಕೆ ಕಾರಣ ಅಜ್ಞಾನ ಮಾತ್ರವೆಂದು ಹೇಳಲಾಗದು.

ಡೆಂಗೆಯ ವೈರಸ್ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದು. ಅದರ ಕುರುಹನ್ನು ರಕ್ತದಲ್ಲಿ ಹುಡುಕಬೇಕು. ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಎಂಬ ವೈರಸ್‌ನ ಅಂಶವನ್ನು, ಅನಂತರ ಶರೀರವೇ ಉತ್ಪಾದಿಸಿದ ಪ್ರತಿಕಾಯಗಳನ್ನು ಪರೀಕ್ಷಿಸಲಾಗುತ್ತದೆ. ಆದ್ದರಿಂದ ಜ್ವರ ಎಂದು ಆರಂಭವಾಯಿತು ಎಂಬ ದಿನಾಂಕವನ್ನು ವೈದ್ಯರಿಗೆ ಸರಿಯಾಗಿ ತಿಳಿಸುವುದು ಅಗತ್ಯ. ಈ ಜ್ವರದಲ್ಲಿ ಆಸ್ಪಿರಿನ್ ಅಥವಾ ಐಬುಪ್ರೊಫೇನ್ ಮಾತ್ರೆಗಳನ್ನು ಸೇವಿಸಿದರೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ; ಪ್ಯಾರಾಸಿಟಮಾಲ್ ಮಾತ್ರ ಉಚಿತ. ಜ್ವರ ಇಳಿಯುವ ದಿನಗಳೇ ಹೆಚ್ಚು ಅಪಾಯದ ದಿನಗಳು ಎಂಬುದೂ ನೆನಪಿರಲಿ. ಆಗ ತೀವ್ರ ಹೊಟ್ಟೆನೋವು, ಎಡೆಬಿಡದ ವಾಂತಿ, ವಸಡಿನಿಂದ ರಕ್ತ ಮೊದಲಾದವು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ನೆರೆನೀರಿನ ಬ್ಯಾಕ್ಟೀರಿಯಾ

2005ರ ಜುಲೈ 26ರಂದು ಮಲಾಡ್‌ಗೆ ಸಮೀಪದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಿನವೊಂದಕ್ಕೆ 944 ಮಿ.ಮೀ. ಮಳೆ ದಾಖಲಾಯಿತು. ಸಾವಿರಾರು ಜನ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ನೀರು ಇಳಿದ ಮೇಲೆ ಮುಂಬಯಿಯಲ್ಲಿ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ವ್ಯಾಪಕವಾಗಿ ಕಾಣಿಸಿಕೊಂಡು ಅನೇಕರನ್ನು ಬಲಿತೆಗೆದುಕೊಂಡಿತು.

ಇದರ ಕಾರಣಜೀವಿ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ. ಇಲಿ, ಹೆಗ್ಗಣ ಮೊದಲಾದ ಪ್ರಾಣಿಗಳ ಮೂತ್ರಪಿಂಡದಲ್ಲಿ ನೆಲೆಸಿ, ಮೂತ್ರದೊಡನೆ ಹೊರಬಂದು, ನಿಂತ ನೀರಿನಲ್ಲಿ ಬದುಕಿ, ಕಾಲಿನ ಸಣ್ಣ ಗಾಯದ ಮೂಲಕ ಮನುಷ್ಯನನ್ನು ಪ್ರವೇಶಿಸುತ್ತದೆ. ಅದು ಎಷ್ಟು ತೆಳುವೆಂದರೆ, ಬ್ಯಾಕ್ಟೀರಿಯಾಗಳನ್ನು ನೋಡಲು ಬಳಸುವ ಸಾಧಾರಣ ವಿಧಾನದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹೊರಲಕ್ಷಣಗಳಿಂದ ಡೆಂಗೆಯೆಂದೇ ಭ್ರಮೆಯಾಗುತ್ತದೆ. ಮೀನಖಂಡಗಳಲ್ಲಿ ವಿಪರೀತ ನೋವು, ಕೀವಿಲ್ಲದೆ ಕೆಂಪಾದ ಕಣ್ಣುಗಳು ಕೆಲವರಲ್ಲಿ ಸುಳಿವು ನೀಡಬಹುದು. ಆದರೆ ಎಲ್ಲ ರೋಗಿಗಳಲ್ಲೂ ಇವು ಇರುವುದಿಲ್ಲ. ಗುರುತಿಸುವುದು ತಡವಾದರೆ ಕಾಮಾಲೆ, ಮೂತ್ರಪಿಂಡಗಳ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವ ಮುಂತಾದ ಮಾರಕ ಹಂತ ಬರುತ್ತದೆ.

ಇಲ್ಲಿಯೇ ವರ್ಗಭೇದದ ಮಹತ್ವ ಎದ್ದುಕಾಣುವುದು. ಡೆಂಗೆಯ ವೈರಸ್ಸನ್ನು ನೇರವಾಗಿ ನಾಶಮಾಡಲು ವೈದ್ಯರ ಬಳಿ ಬಳಕೆಯಲ್ಲಿರುವ ಔಷಧಿಯಿಲ್ಲ. ನೀರು, ಆರೈಕೆ, ನಿಗಾ ಇವೇ ಚಿಕಿತ್ಸೆ. ಇಲಿಜ್ವರದ ಬ್ಯಾಕ್ಟೀರಿಯಾ ಆರಂಭದಲ್ಲಿಯೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್‌ನಂತಹ ಸುಲಭ ಔಷಧಿಗೆ ಮಣಿಯುತ್ತದೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಕಾದು ಕುಳಿತರೆ ಉಳಿಯಬಹುದಾದ ಜೀವ ಹೋಗುತ್ತದೆ. ನೆರೆನೀರಿನಲ್ಲಿ ನಡೆದವರು 24ರಿಂದ 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಮುಂಜಾಗ್ರತೆಯ ಔಷಧಿ ತೆಗೆದುಕೊಳ್ಳಬೇಕೆಂದು ಬೃಹನ್ಮುಂಬಯಿ ಮಹಾನಗರಪಾಲಿಕೆ ಮಳೆಗಾಲದಲ್ಲಿ ಪ್ರಕಟಣೆ ನೀಡುವುದು ಇದೇ ಕಾರಣದಿಂದ. ನೀರಿನಲ್ಲಿ ನಡೆದ ಸಂಗತಿಯನ್ನು ರೋಗಿ ತಾನಾಗಿ ಹೇಳದಿದ್ದರೆ ವೈದ್ಯರಿಗೆ ಅದು ತಿಳಿಯುವ ಬಗೆಯಿಲ್ಲ.

ವಿಷಮಶೀತ ಜ್ವರವೂ ಬ್ಯಾಕ್ಟೀರಿಯಾದಿಂದಲೇ ಬರುತ್ತದೆ. ಆದರೆ ಅದರ ದಾರಿ ಕಾಲಿನ ಗಾಯವಲ್ಲ, ಕಲುಷಿತ ನೀರು ಮತ್ತು ಆಹಾರ. ಇದನ್ನು ಪತ್ತೆಹಚ್ಚಲು ವಿಡಾಲ್ ಪರೀಕ್ಷೆಯೊಂದನ್ನೇ ನಂಬುವುದು ಸರಿಯಲ್ಲ. ಔಷಧಿ ಆರಂಭಿಸುವ ಮೊದಲು ರಕ್ತವನ್ನು ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ.

ಗುರುತು ತಪ್ಪಿದ ಸಂದರ್ಭಗಳು

ಕನ್ನಡನಾಡಿನ ಓದುಗರಿಗೆ ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಪರಿಚಿತವಿರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದ ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಹಬ್ಬಿದಾಗ ಅದನ್ನು ಮೊದಲು ವಿಷಮಶೀತ ಜ್ವರವೆಂದು ಶಂಕಿಸಲಾಗಿತ್ತು. ಕಾಡಿನಲ್ಲಿ ಮಂಗಗಳೂ ಸಾಯುತ್ತಿರುವುದು ತಿಳಿದಾಗ ಹಳದಿ ಜ್ವರವಿರಬಹುದೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶೋಧಿಸಿದಾಗ ದೊರೆತದ್ದು ಅದುವರೆಗೆ ಜಗತ್ತಿಗೆ ಗೊತ್ತಿಲ್ಲದಿದ್ದ ವೈರಸ್. ಅದನ್ನು ಹರಡುತ್ತಿದ್ದುದು ಸೊಳ್ಳೆಯಲ್ಲ, ಕಾಡಿನ ಉಣ್ಣೆ. ಮಂಗನ ಕಾಯಿಲೆ ಎಂಬ ಹೆಸರು ಬಂದದ್ದು ಹೀಗೆ.

ಮುಂಬಯಿಗೂ ಇಂತಹ ಅನುಭವವಿದೆ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿಯ ರೋಗಿಗಳನ್ನು ಪರೀಕ್ಷಿಸಿದ ಡಾ. ಅಕಾಸಿಯೊ ವೀಗಾಸ್ ಅದು ಪ್ಲೇಗ್ ಎಂದು ಗುರುತಿಸಿದರು. ಪ್ಲೇಗಿನ ಬ್ಯಾಕ್ಟೀರಿಯಾ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪತ್ತೆಯಾಗಿದ್ದುದರಿಂದಲೇ, ವಾಲ್ಡೆಮಾರ್ ಹಾಫ್ಕಿನ್ ಅದನ್ನು ಬೆಳೆಸಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಳ್ಳಲು ಸಾಧ್ಯವಾಯಿತು. ಪರೇಲ್‌ನ ಹಾಫ್ಕಿನ್ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ಇನ್ನು ಶಿಲೀಂಧ್ರಗಳು. ಮಳೆಗಾಲದ ತೇವದಲ್ಲಿ, ಒಣಗದ ಬಟ್ಟೆ ಧರಿಸುವವರಲ್ಲಿ ತೊಡೆಸಂದು, ಕಂಕುಳುಗಳಲ್ಲಿ ಹುಳುಕಡ್ಡಿ ಕಾಣಿಸುತ್ತದೆ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಲ್ಲ, ಬೂಷ್ಟಿನ ಜಾತಿಯ ಜೀವಿ. ಸ್ಟೀರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚಿದರೆ ತುರಿಕೆ ಎರಡು ದಿನ ಅಡಗುತ್ತದೆ, ಶಿಲೀಂಧ್ರ ಮಾತ್ರ ಚರ್ಮದಲ್ಲಿ ವಿಸ್ತರಿಸುತ್ತಲೇ ಹೋಗುತ್ತದೆ.

ಮಳೆಗಾಲಕ್ಕೆ ಸೀಮಿತವಲ್ಲದ ಒಂದು ಬ್ಯಾಕ್ಟೀರಿಯಾವನ್ನು ಇಲ್ಲಿ ಬಿಡುವಂತಿಲ್ಲ. ಇಕ್ಕಟ್ಟಾದ, ಗಾಳಿಯಾಡದ ಕೋಣೆಗಳಲ್ಲಿ ಹಲವರು ಒಟ್ಟಿಗೆ ಮಲಗುವ ಕಡೆ ಕ್ಷಯದ ಬ್ಯಾಕ್ಟೀರಿಯಾ ಸುಲಭವಾಗಿ ಹರಡುತ್ತದೆ. ಮೇಣದಂತಹ ಕವಚ ಹೊಂದಿರುವ ಅದು ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಜಗ್ಗುವುದಿಲ್ಲ. ಹಲವು ಔಷಧಿಗಳನ್ನು ಒಟ್ಟಿಗೆ, ತಿಂಗಳುಗಟ್ಟಲೆ ನೀಡಬೇಕಾಗುತ್ತದೆ. ಸಂಜೆಯ ಸಣ್ಣ ಜ್ವರವನ್ನು ಮಲೇರಿಯವೆಂದು ಭಾವಿಸಿ ಕೆಮ್ಮನ್ನು ಕಡೆಗಣಿಸುವವರುಂಟು. ಎರಡು ವಾರ ಮೀರಿದ ಕೆಮ್ಮಿದ್ದವರ ಕಫವನ್ನು ಸರಕಾರಿ ಮತ್ತು ಪಾಲಿಕೆಯ ಕೇಂದ್ರಗಳಲ್ಲಿ ಉಚಿತವಾಗಿ ಪರೀಕ್ಷಿಸಲಾಗುತ್ತದೆ. ಸಿಬಿನ್ಯಾಟ್ ಯಂತ್ರವು ಸುಮಾರು ಎರಡು ಗಂಟೆಗಳಲ್ಲಿ ರೋಗಾಣುವಿನ ಇರುವಿಕೆಯನ್ನೂ, ಅದು ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಮಣಿಯುವುದೇ ಇಲ್ಲವೇ ಎಂಬುದನ್ನೂ ತಿಳಿಸುತ್ತದೆ.